ಅಪ್ಪನ ಕಟಿಂಗ್, ಸಂವಿಧಾನ ಸಭೆಯ ಚರ್ಚೆ

ಅಪ್ಪ ತಿಂಗಳಿಗೊಮ್ಮೆ ಕಂಪ್ಲಿ ಕಡೆಯ ನಮ್ಮ ಹಳ್ಳಿಯಿಂದ ಬಸ್ಸು ಹತ್ತಿ ಹೊಸಪೇಟೆಗೆ ಬರುತ್ತಿದ್ದ. ಮೊಮ್ಮಗಳನ್ನು ನೋಡಲು ಎನ್ನುತ್ತಿದ್ದ. ನಿಜಕ್ಕೂ ಬರುತ್ತಿದ್ದದ್ದು ಕಟಿಂಗ್ ಮಾಡಿಸಲು. ಊರಲ್ಲೂ ಕಟಿಂಗ್ ಅಂಗಡಿ ಇತ್ತು, ಆದರೆ ನಮ್ಮ ಕೇರಿಯವರ ತಲೆಗೆ ಅಲ್ಲಿ ಕತ್ತರಿ ತಾಗುತ್ತಿರಲಿಲ್ಲ. ಯಾರೂ ಬಾಯಿಬಿಟ್ಟು ಬೇಡ ಎನ್ನುತ್ತಿರಲಿಲ್ಲ. ಬ್ಲೇಡು ಮುಗಿದಿದೆ, ನಾಳೆ ಬಾ ಎನ್ನುತ್ತಿದ್ದರು. ಹರೆಯದಲ್ಲಿ ಒಮ್ಮೆ ಹೋಗಿ, ಹೊರಗೇ ಕಾದು, ಹಾಗೇ ವಾಪಸ್ಸು ಬಂದ ಅಪ್ಪ ಮತ್ತೆ ಆ ಕಡೆ ಸುಳಿದಿರಲಿಲ್ಲ.

ಕಟಿಂಗ್ ಮುಗಿಸಿ ಟಿ.ಬಿ. ಡ್ಯಾಂನ ನಮ್ಮ ಕ್ವಾರ್ಟರ್ಸಿಗೆ ಬಂದು, ಸ್ನಾನ ಮಾಡಿ, ವರಾಂಡದಲ್ಲಿ ಕಾಲು ಚಾಚುತ್ತಿದ್ದ. ಕಣ್ಣಿಗೆ ಪೊರೆ ಬಂದಿದ್ದರಿಂದ ಓದಿ ಹೇಳುವ ಕೆಲಸ ನನ್ನದು. ಕಾಲುವೆ ಆಫೀಸಿನಲ್ಲಿ ವಾರವಿಡೀ ಫೈಲು ಓದಿದವಳಿಗೆ ಭಾನುವಾರವೂ ಓದೇ ಎಂದು ಗೊಣಗುತ್ತಿದ್ದೆ. ಸಂವಿಧಾನ ರಚನಾ ಸಭೆಯ ಚರ್ಚೆಗಳ ಕನ್ನಡ ಸಂಪುಟ ಕೈಗೆ ಬಂದ ಮೇಲೆ ಗೊಣಗಾಟ ನಿಂತಿತು.

ಯಾರೋ ದೊಡ್ಡವರು ಬರೆದರು, ಉಳಿದವರು ಕೈ ಎತ್ತಿದರು ಎಂದುಕೊಂಡಿದ್ದೆ. ಎಲ್ಲಿಯದು! ಒಂದು ಪದ ಇರಬೇಕೋ ಬೇಡವೋ ಎಂದು ಒಬ್ಬರು ಏಳುತ್ತಾರೆ, ಇನ್ನೊಬ್ಬರು ಅದಕ್ಕೆ ತಿದ್ದುಪಡಿ ತರುತ್ತಾರೆ, ಕರಡು ಸಮಿತಿಯ ಅಧ್ಯಕ್ಷರು ಉತ್ತರಿಸುತ್ತಾರೆ, ಮತಕ್ಕೆ ಹಾಕುತ್ತಾರೆ. ಸೋತವರು ಮುಂದಿನ ವಿಧಿಗೆ ಮತ್ತೆ ಎದ್ದು ನಿಲ್ಲುತ್ತಾರೆ. ನಮ್ಮ ಆಫೀಸಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಾಗಿ ಮಾತು ಬಿಟ್ಟವರಿದ್ದಾರೆ. ಅಂಥ ನಾವು ಒಂದು ಇಡೀ ದೇಶವನ್ನು ಮಾತಾಡಿ ಮಾತಾಡಿಯೇ ಕಟ್ಟಿದೆವಲ್ಲ ಎಂದು ನನಗೆ ಮೈ ಜುಮ್ಮೆನ್ನುತ್ತಿತ್ತು.

"ಸೋತವ್ರು ಕಡೀಗೆ ಸಹಿ ಮಾಡಿದ್ರೇನವ್ವ?" ಎಂದು ಅಪ್ಪ ಕೇಳಿದ್ದ.

"ಭಾಳ ಮಂದಿ ಮಾಡಿದ್ರಪ್ಪ."

"ದೊಡ್ಡ ಮನಸಿನ ಮಂದಿ ಬಿಡು."

ಅವ್ವನೂ ಬಂದಿದ್ದ ಒಂದು ಭಾನುವಾರ, ಬಾವಿ, ಕೆರೆ, ಅಂಗಡಿಗಳಿಗೆ ಎಲ್ಲರಿಗೂ ಪ್ರವೇಶ ಇರಬೇಕು ಎನ್ನುವ ವಿಧಿಯ ಚರ್ಚೆ ಓದುತ್ತಿದ್ದೆ. ಅಂಗಡಿ ಎಂದರೆ ಕ್ಷೌರದ ಅಂಗಡಿಯೂ ಸೇರುತ್ತದೆಯೇ ಎಂಬ ಪ್ರಶ್ನೆ ಬಂತು. ಸೇರುತ್ತದೆ, ಬರೀ ಒಳಗೆ ಬಿಟ್ಟರೆ ಸಾಲದು, ಅಲ್ಲಿಯ ಸೇವೆಯೂ ಸಿಗಬೇಕು ಎಂಬ ಅರ್ಥದ ಉತ್ತರವೂ ಬಂತು.

ಅಪ್ಪ ಎದ್ದು ಕೂತ. "ಇನ್ನೊಮ್ಮೆ ಓದು."

ಓದಿದೆ.

"ಕಟಿಂಗ್ ಅಂಗಡಿ ಮಾತು ದಿಲ್ಲಿಯಾಗ ಎತ್ಯಾರ? ಅಷ್ಟು ದೊಡ್ಡ ಸಭಾದಾಗ?" ಅವನ ದನಿ ನಡುಗಿತು. ನಾವು ಹುಟ್ಟುವ ಮೊದಲೇ, ನಮ್ಮನ್ನು ಕಾಣದವರು ನಮ್ಮ ತಲೆಗೂದಲಿನ ಬಗ್ಗೆ ಯೋಚಿಸಿದ್ದರು.

ಅವ್ವ ಮಾತ್ರ ಅಪ್ಪನ ಮುಖ ನೋಡಿಯೇ ಹೆದರಿದಳು. "ದಿಲ್ಲಿಯವ್ರು ಬಂದು ನಮ್ಮೂರಾಗ ಬಾಳೇವು ಮಾಡ್ತಾರೇನು? ನಾಳೆ ಹೊಲಕ್ಕ ಕೂಲಿಗೆ ಕರೀಲಿಲ್ಲಂದ್ರ? ನೀವು ಅಂಗಡಿಗಿಂಗಡಿ ಅಂತ ಹೋಗಬ್ಯಾಡ್ರಿ."

ಅಪ್ಪ ಚಪ್ಪಲಿ ಮೆಟ್ಟಿಕೊಂಡ. ಇಬ್ಬರೂ ಸಂಜೆಯ ಬಸ್ಸಿಗೆ ಊರಿಗೆ ಹೋದರು.

ಮುಂದಿನ ತಿಂಗಳು ಅಪ್ಪ ಬರಲಿಲ್ಲ. ಫೋನು ಮಾಡಿದರೆ ಅವ್ವ, "ನೀನೇ ಬಂದು ನೋಡು" ಎಂದು ಇಟ್ಟುಬಿಟ್ಟಳು. ಏನಾಯಿತೋ ಎಂದು ರಜೆ ಹಾಕಿ ಬಸ್ಸು ಹತ್ತಿದೆ.

ಅಪ್ಪ ಬಾಗಿಲಲ್ಲೇ ಕೂತಿದ್ದ. ಕಟಿಂಗ್ ಆಗಿತ್ತು. ಅಂಗಡಿಯನ್ನು ಈಗ ಹಳೇ ಅಂಗಡಿಯವನ ಮಗ ನೋಡಿಕೊಳ್ಳುತ್ತಾನಂತೆ. ಅಪ್ಪ ಹೋಗಿ ಕುರ್ಚಿಯಲ್ಲಿ ಕೂತಾಗ ಆ ಹುಡುಗ, ಬೆಂಚಿನ ಮೇಲೆ ಕಾಯುತ್ತಿದ್ದ ರೈತರ ಮುಖ ನೋಡಿದನಂತೆ. ಒಬ್ಬ ಎದ್ದು ಹೊರಗೆ ನಡೆದ. ಇನ್ನೊಬ್ಬ, "ಜಲ್ದಿ ಮುಗಸೋ ಮಾರಾಯ, ನಂಗ ಹೊಲಕ್ಕ ಹೋಗದೈತಿ" ಎಂದ. ಹುಡುಗ ಬಟ್ಟೆ ಹೊದಿಸಿ ಕತ್ತರಿ ಎತ್ತಿಕೊಂಡ.

ನಾನು ಅಪ್ಪನ ತಲೆ ನೋಡಿದೆ. ಒಂದು ಕಿವಿಯ ಮೇಲೆ ಗಿಡ್ಡ, ಇನ್ನೊಂದರ ಮೇಲೆ ಉದ್ದ. "ಏನಪ್ಪಾ ಇದು, ಹಿಂಗ ಕೆಡಿಸ್ಯಾನ!" ಎಂದೆ.

"ಹೂಂ, ಕೆಡಿಸ್ಯಾನ," ಎಂದ ಅಪ್ಪ ತಲೆ ಸವರಿಕೊಳ್ಳುತ್ತ. "ಮುಂದಿನ ತಿಂಗಳು ಸರಿಯಾಗಿ ಮಾಡಪ್ಪ ಅಂತ ಅವಂಗ ಹೇಳೇ ಬಂದೀನಿ."