ಮಂಗನ ಬುದ್ಧಿ ಅಳೆದ ನಾಲ್ಕು ದಿನ

ಹೈಸ್ಕೂಲಿನ ಮಕ್ಕಳಿಗೆ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳುತ್ತಿದ್ದೇನೆ. ಗೊತ್ತಿದ್ದದ್ದನ್ನು ಗಟ್ಟಿಯಾಗಿ ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ ಎಂದು ಮನೆಯವರು ಕಾಡಿಸುತ್ತಾರೆ. ಕಾಡಿಸಲಿ. ಶಹಾಪುರದಿಂದ ದಿನಾ ಬಸ್ಸು ಹಿಡಿದು ಹೋಗುವ ನನ್ನ ಶಾಲೆ ಸುರಪುರದ ಗುಡ್ಡಗಳ ಬುಡದಲ್ಲಿದೆ. ಬಂಡೆಗಳ ಮೇಲೆ ಮಂಗಗಳು, ಬಂಡೆಗಳ ಕೆಳಗೆ ನಾವು. ಯಾರು ಯಾರನ್ನು ನೋಡಿ ನಗುತ್ತಾರೋ ಹೇಳುವುದು ಕಷ್ಟ.

ಎರಡು ವರ್ಷದ ಹಿಂದೆ ಜೀವವಿಕಾಸದ ಪಾಠ ನಡೆದಾಗ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮೇಡಂ, ಮುಂದ ಯಾವಾಗರ ಈ ಮಂಗ್ಯಾಗಳೂ ನಮ್ಮಂಗ ಶಾಣ್ಯಾ ಆಗ್ತಾವೇನ್ರಿ?"

"ಆಗಂಗಿಲ್ಲ," ಎಂದೆ. ವಿಕಾಸ ಎಂಬುದು ಏಣಿಯಲ್ಲ, ಎಲ್ಲ ಪ್ರಾಣಿಗಳೂ ಹತ್ತುತ್ತಾ ಹತ್ತುತ್ತಾ ಕೊನೆಗೆ ಮನುಷ್ಯನಿರುವ ಮೆಟ್ಟಿಲಿಗೆ ಬರಬೇಕೆಂದೇನಿಲ್ಲ ಎಂದು ವಿವರಿಸಿದೆ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ನನ್ನ ಮಾತಿನಲ್ಲಿ ತಪ್ಪು ಹುಡುಕಲು ಯಾರಿಗೂ ಆಗುತ್ತಿರಲಿಲ್ಲ. ಆದರೆ ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು, ನನಗೂ ಹುರುಪು ಬಂತು. "ಮಂಗ್ಯಾ ಕಂಡದ್ದು ಕಸಗೊಂಡು ಓಡತೈತಿ, ಅಷ್ಟ. ಹೊಂಚು ಹಾಕಿ, ಹೊತ್ತು ನೋಡಿ, ಬಾಗಿಲಾ ತಗದು ಕದಿಯಾಕ ಮನಶ್ಯಾನೇ ಬೇಕು," ಎಂದೂ ಸೇರಿಸಿದೆ. ಮಕ್ಕಳು ನಕ್ಕರು.

ಅದೇ ದಿನಗಳಲ್ಲಿ ಶಾಲೆಯಲ್ಲಿ ತತ್ತಿ ಕಡಿಮೆ ಬೀಳತೊಡಗಿದ್ದವು. ಬಿಸಿಯೂಟ ಮಾಡುವಾಕೆ ಬೆಳಿಗ್ಗೆಯೇ ತತ್ತಿ ಕುದಿಸಿ, ಬುಟ್ಟಿಯಲ್ಲಿ ತುಂಬಿ, ಅಡುಗೆಮನೆಯ ಪಕ್ಕದ ಉಗ್ರಾಣದ ಕೋಣೆಯಲ್ಲಿ ಇಡುತ್ತಿದ್ದಳು. ಬೀಗ ಕೆಟ್ಟು ಹೋಗಿತ್ತು, ಚಿಲಕದ ಕೊಂಡಿಗೆ ಒಂದು ಮೊಳೆ ಸಿಕ್ಕಿಸುವುದೇ ಭದ್ರತೆ. ಊಟದ ಹೊತ್ತಿಗೆ ಎರಡೋ ಮೂರೋ ತತ್ತಿ ಇರುತ್ತಿರಲಿಲ್ಲ, ಸಾಲಿನ ಕೊನೆಯ ಮಕ್ಕಳ ತಟ್ಟೆ ಖಾಲಿ ಉಳಿಯುತ್ತಿತ್ತು. ಮುಖ್ಯೋಪಾಧ್ಯಾಯರು ಕೇಳಿದರೆ ಆಕೆ "ನನಗ ಗೊತ್ತಿಲ್ರಿ ಸರ," ಎನ್ನುತ್ತಿದ್ದಳು. ಮೊಳೆ ಆಗಾಗ ನೆಲದ ಮೇಲೆ ಬಿದ್ದಿರುತ್ತಿತ್ತಂತೆ. ತಾನೇ ಸಿಕ್ಕಿಸಲು ಮರೆತೆ ಎಂದುಕೊಂಡು, ಬೈಗುಳಕ್ಕೆ ಹೆದರಿ, ಅದನ್ನು ಯಾರಿಗೂ ಹೇಳಿರಲಿಲ್ಲ. ಅಷ್ಟೊತ್ತಿಗೆ ಏಳು ವರ್ಷದಿಂದ ನಮ್ಮ ಶಾಲೆಯ ಅಡುಗೆ ಆಕೆಯದೇ ಆಗಿತ್ತು. ಮಕ್ಕಳಿಗೆ ಬಡಿಸುವ ಮೊದಲು ರುಚಿ ನೋಡುವ ಪಾಳಿ ನನ್ನದು, ಹಾಗಾಗಿ ದಿನದ ಮೊದಲ ತುತ್ತು ನನಗೇ ಸಿಗುತ್ತಿತ್ತು.

ಶಾಲಾ ಸಮಿತಿಯ ಸಭೆ ಸೇರಿತು. ಆಕೆಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಮಂಗಗಳ ಕೆಲಸ ಇರಬಹುದಲ್ಲ ಎಂದು ಒಬ್ಬ ಮೇಷ್ಟ್ರು ಹೇಳಿದ್ದಕ್ಕೆ ಸಮಿತಿಯ ಅಧ್ಯಕ್ಷರಿಗೆ ಸಿಟ್ಟೇ ಬಂತು.

"ಹನುಮಪ್ಪ ತತ್ತಿ ಮುಟ್ತಾನೇನ್ರಿ? ಏನ್ ಮಾತಂತ ಆಡ್ತೀರಿ!"

ನಮ್ಮ ಕಡೆ ಶನಿವಾರ ಮಂಗಗಳಿಗೆ ಅನ್ನ, ತೆಂಗಿನ ಚೂರು ಇಡುತ್ತಾರೆ. ಅವು ತತ್ತಿ ತಿನ್ನುವುದನ್ನು ಕಣ್ಣಾರೆ ಕಂಡರೂ ಕಣ್ಣಿನದೇ ತಪ್ಪು ಎನ್ನುವವರು ನಾವು. ಅಧ್ಯಕ್ಷರು ನನ್ನ ಕಡೆ ತಿರುಗಿ, "ವಿಜ್ಞಾನದ ಮೇಡಮ್ಮರು ಏನಂತೀರಿ?" ಎಂದರು. ತರಗತಿಯಲ್ಲಿ ಆಡಿದ ಮಾತನ್ನೇ ಅಕ್ಷರ ಬಿಡದೆ ಆಡಿದೆ. ದೇವರ ಮಾತೂ ವಿಜ್ಞಾನದ ಮಾತೂ ಒಂದೇ ಆದ ಮೇಲೆ ಇನ್ನೇನು ಉಳಿಯಿತು? ಬರುವ ತಿಂಗಳಿಂದ ಬೇರೆಯವರನ್ನು ಇಟ್ಟುಕೊಳ್ಳುವುದು ಎಂದು ತೀರ್ಮಾನವಾಯಿತು. ಬಾಗಿಲ ಹೊರಗಿನ ಸೆರಗಿನ ತುದಿ ನನಗೆ ಕಾಣುತ್ತಿತ್ತು.

ಮರುದಿನ ಶನಿವಾರ. ಪ್ರಯೋಗಾಲಯದ ಕಿಟಕಿಯ ಹತ್ತಿರ ಗಾಜಿನ ಸಾಮಾನು ಒರೆಸುತ್ತಿದ್ದೆ. ಆಕೆ ಎಂದಿನಂತೆ ಮೊದಲ ಹಿಡಿ ಅನ್ನವನ್ನು ಕಾಂಪೌಂಡಿನ ಮೇಲೆ ಇಟ್ಟು, ಕೈ ಮುಗಿದು, ಕೊಡ ಹಿಡಿದು ನಲ್ಲಿಯ ಕಡೆ ನಡೆದಳು. ಗೋಡೆಯ ಮೇಲೆ ಒಂದು ಹೆಣ್ಣು ಮಂಗ ಮರಿಯ ಹೇನು ಹೆಕ್ಕುತ್ತಾ ಕೂತಿತ್ತು, ಲೋಕದ ಗೊಡವೆಯೇ ಇಲ್ಲದ ಹಾಗೆ. ಆಕೆ ಬೇವಿನ ಮರದ ಆಚೆ ಮರೆಯಾದದ್ದೇ ತಡ, ಹೇನು ಹೆಕ್ಕುವುದು ನಿಂತಿತು. ಮಂಗ ನೆಟ್ಟಗೆ ಇಳಿದು ಕೋಣೆಯ ಬಾಗಿಲಿಗೆ ಬಂದು, ಮೊಳೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿತು, ಕೊಂಡಿ ಸರಿಸಿತು, ಒಳಗೆ ಹೋಯಿತು. ಬಾಯಲ್ಲಿ ಒಂದು, ಕೈಯಲ್ಲಿ ಒಂದು ತತ್ತಿಯೊಂದಿಗೆ ಹೊರಬಂತು. ಹಿಂದೆ ಬಾಗಿಲು ತಾನೇ ಮುಚ್ಚಿಕೊಂಡಿತು. ಆ ಜಾಣತನವನ್ನು ನಾನು ಮಂಗಕ್ಕೆ ಕೊಡುವುದಿಲ್ಲ, ಅದು ಚೌಕಟ್ಟನ್ನು ವಾರೆ ನಿಲ್ಲಿಸಿದ ಬಡಗಿಯ ಕೆಲಸ. ಆಕೆ ಕೊಡ ತುಂಬಿಕೊಂಡು ಬರುವಷ್ಟರಲ್ಲಿ ಗೋಡೆಯ ಮೇಲೆ ಮತ್ತೆ ಹೇನು ಹೆಕ್ಕುವ ಕೆಲಸ ನಡೆದಿತ್ತು.

ನನ್ನ ಕೈಯಲ್ಲಿ ಬೀಕರು ಹಾಗೇ ಇತ್ತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಕುತೂಹಲವಾಯಿತು ಎಂದು ಒಪ್ಪಿಕೊಳ್ಳಲೇಬೇಕು. ಒಮ್ಮೆ ಕಂಡದ್ದು ಪುರಾವೆಯಲ್ಲ ಎಂದು ಸೋಮವಾರದಿಂದ ಮತ್ತೆ ಮೂರು ದಿನ ಅದೇ ಕಿಟಕಿಯಲ್ಲಿ ಕೂತು ವಹಿಯಲ್ಲಿ ಬರೆದುಕೊಂಡೆ. ಮಂಗಳವಾರ ಆಕೆ ನೀರಿಗೆ ತಡವಾಗಿ ಹೋದಳು, ಮಂಗವೂ ಅಷ್ಟೇ ತಡವಾಗಿ ಇಳಿಯಿತು. ಗುರುವಾರ ಸಮಿತಿಯವರನ್ನು ಕರೆಸಿ ಕಿಟಕಿಯ ಹಿಂದೆ ಕೂರಿಸಿದೆ. ಮಂಗ ನನ್ನ ಮರ್ಯಾದೆ ಉಳಿಸಿತು, ಒಂದು ಹೆಜ್ಜೆಯೂ ತಪ್ಪಲಿಲ್ಲ. ಅಧ್ಯಕ್ಷರು "ಇವತ್ತ ಶನಿವಾರ ಅಲ್ಲ ಬಿಡ್ರಿ," ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆಕೆಯ ಕೆಲಸ ಉಳಿಯಿತು. ಕೋಣೆಗೆ ಹೊಸ ಬೀಗ ಬಂತು.

ಆ ಹುಡುಗಿಗೆ ತರಗತಿಯಲ್ಲೇ ತಿದ್ದಿ ಹೇಳಿದೆ. ಲಕ್ಷಾಂತರ ವರ್ಷ ಸಿಕ್ಕರೆ ಮಂಗಗಳ ವಂಶ ಎಲ್ಲಿಗೆ ಮುಟ್ಟೀತೋ ಯಾರೂ ಹೇಳಲಾರರು, ಮುಟ್ಟಿದರೂ ನಮ್ಮ ದಾರಿಯಲ್ಲೇ ಬರಬೇಕೆಂದಿಲ್ಲ, ಆದರೆ ಕಾಯುವುದು, ಮರೆಮಾಚುವುದು ಅವಕ್ಕೆ ಈಗಲೇ ಬರುತ್ತದೆ ಎಂದೆ. ಇದನ್ನು ಇವತ್ತಿಗೂ ಗಟ್ಟಿಯಾಗಿಯೇ ಹೇಳುತ್ತೇನೆ.

ಆ ಗುರುವಾರ ಮಧ್ಯಾಹ್ನ ರುಚಿ ನೋಡಲು ಅಡುಗೆಮನೆಗೆ ಹೋದೆ. ಆಕೆ ನಗುತ್ತಾಳೆ, ನನ್ನನ್ನು ಹೊಗಳುತ್ತಾಳೆ ಎಂದೇ ಎಣಿಸಿದ್ದೆ. ಆಕೆ ತಲೆ ಎತ್ತಲಿಲ್ಲ.

"ಮಂಗ್ಯಾಗ ಎಷ್ಟು ಬುದ್ಧಿ ಐತಿ ಅಂತ ನಾಕ ದಿನ ಕಿಟಕ್ಯಾಗ ಕುಂತು ನೋಡಿದ್ರಿ ಮೇಡಂ. ಏಳ ವರ್ಷ ನನ್ನ ಕೈಲೆ ಉಂಡ್ರಿ. 'ನೀ ತಗೊಂಡಿಯೇನವಾ?' ಅಂತ ನನ್ನ ಒಂದ ಮಾತರ ಕೇಳಿದ್ರೇನ್ರಿ?"

ಕೇಳಿರಲಿಲ್ಲ. ಆಕೆ ನನ್ನ ತಟ್ಟೆಗೆ ಅನ್ನ ಹಾಕಿ, ಸಾರು ಬಿಟ್ಟು, ಒಲೆಯ ಕಡೆ ತಿರುಗಿದಳು.