ಕೆರೆಯ ದಂಡೆಯ ಡಿಸ್ಕೋ ಹಾಡು

ಒಬ್ಬರಿಗಷ್ಟೇ ಅಡುಗೆ ಮಾಡುವುದು ಪಾಕಶಾಸ್ತ್ರದವರು ಬರೆಯಲು ಮರೆತ ಅಧ್ಯಾಯ. ಎಷ್ಟೇ ಕೈ ಬಿಗಿಹಿಡಿದು ಮಾಡಿದರೂ ಇನ್ನೊಬ್ಬರಿಗಾಗುವಷ್ಟು ಉಳಿಯುತ್ತದೆ. ಆ ಇನ್ನೊಬ್ಬರು ಮಾತ್ರ ಬರುವುದಿಲ್ಲ. ಎಂಬತ್ತರ ದಶಕದಲ್ಲಿ ಮಿಶ್ರಿಕೋಟಿಯ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದ ನಾನು, ಗಂಗವ್ವನ ಮನೆಯ ಬಾಡಿಗೆ ಖೋಲಿಯಲ್ಲಿ ವರ್ಷಗಟ್ಟಲೆ ಹೀಗೆ ಅತಿಥಿಯಿಲ್ಲದ ಆತಿಥ್ಯ ನಡೆಸಿದವಳು. ಶಾಲೆ ಕಲಿಸುವ, ಮದುವೆಯಾಗದ ಅಕ್ಕೋರೊಡನೆ ಊರು ಬಹಳ ಗೌರವದಿಂದ ಮಾತಾಡುತ್ತದೆ. ಆದ್ದರಿಂದಲೇ ಬಹಳ ಮಾತಾಡುವುದಿಲ್ಲ.

ಮಳೆಗಾಲ ಮುಗಿದ ಹೊಸತರಲ್ಲಿ ಮುಂಬಯಿಯ ಸಿನಿಮಾದವರು ಹಾಡೊಂದರ ಚಿತ್ರೀಕರಣಕ್ಕೆಂದು ನಮ್ಮ ಕೆರೆಯ ದಂಡೆಗೆ ಬಂದಿಳಿದರು. ಬೆಳ್ಳಿಬಣ್ಣದ ಉಡುಪಿನ ಹುಡುಗಿಯರು ಭತ್ತದ ಗದ್ದೆಯ ಅಂಚಿನಲ್ಲಿ ಸೊಂಟ ತಿರುಗಿಸಿದಷ್ಟೂ ನಿರ್ದೇಶಕ ಸಾಲದೆಂದು ತಲೆಯಲ್ಲಾಡಿಸುತ್ತಿದ್ದ, ಧ್ವನಿವರ್ಧಕ ಅವೇ ಎರಡು ಸಾಲುಗಳನ್ನು ಮತ್ತೆ ಒದರುತ್ತಿತ್ತು. ಕರ್ತೃ, ಕರ್ಮ, ಕ್ರಿಯಾಪದಗಳು ಪರಸ್ಪರ ಮುಖ ನೋಡದ ಆ ಹಾಡಿನ ಅರ್ಥವನ್ನು ಊರೆಲ್ಲ ನನ್ನನ್ನೇ ಕೇಳಿತು.

"ಏನಂತಾರ್ರೀ ಅಕ್ಕೋರ ಅದರಾಗ?" ಎಂದಳು ಗಂಗವ್ವ.

"ಏನೂ ಅನ್ನಂಗಿಲ್ಲವ್ವಾ."

"ಏನೂ ಅನ್ನದಿರಾಕ ಇಷ್ಟು ಚೀರಬೇಕೇನ್ರಿ?"

ಸಿನಿಮಾದವರು ಇಳಿದುಕೊಂಡಿದ್ದ ಶಾಲೆಯ ಸುತ್ತ ಜನ ಮುತ್ತಿದ್ದರಿಂದ, ಮಧ್ಯಾಹ್ನ ಬಟ್ಟೆ ಸರಿಪಡಿಸಿಕೊಳ್ಳಲೆಂದು ಗಂಗವ್ವ ಒಬ್ಬ ನರ್ತಕಿಯನ್ನು ನನ್ನ ಖೋಲಿಗೆ ಕರೆತಂದಳು. ನಾಯಕಿಯಲ್ಲ, ಹಿಂದಿನ ಸಾಲಿನ ಕೊನೆಯವಳು. ಇಂಥ ಸಂದರ್ಭಕ್ಕೇ ಕಾದಿಟ್ಟಿದ್ದ ನನ್ನ ಸಂಸ್ಕೃತಭೂಯಿಷ್ಠ ಹಿಂದಿಯಲ್ಲಿ, ಆಸನವನ್ನು ಅಲಂಕರಿಸಿ ಜಲಪಾನ ಸ್ವೀಕರಿಸಬೇಕೆಂದು ವಿನಂತಿಸಿದೆ. ಅವಳು ನನ್ನನ್ನೇ ನೋಡಿ ಮೆಲ್ಲಗೆ ಅಂದಳು:

"ಕನ್ನಡದಾಗ ಮಾತಾಡ್ರಿ ಅಕ್ಕೋರ. ನಿಮ್ಮ ಹಿಂದಿ ನನಗ ತಿಳಿಯಂಗಿಲ್ಲ."

ಅವಳು ಅಣ್ಣಿಗೇರಿಯ ಶಾಂತಾ. ನಾಟಕ ಕಂಪನಿಯೊಂದರ ಬೆನ್ನುಹತ್ತಿ ಮನೆ ಬಿಟ್ಟವಳು, ಅಲ್ಲಿಂದ ಮುಂಬಯಿ ಸೇರಿ, ಮತ್ತೆ ಊರ ಮುಖ ನೋಡಿರಲಿಲ್ಲ. ಉಳಿದಿದ್ದ ರೊಟ್ಟಿ, ಪುಂಡಿಪಲ್ಯ ಬಡಿಸಿದೆ. ಮಿರುಗುವ ಉಡುಪಿನಲ್ಲೇ ನೆಲಕ್ಕೆ ಕುಳಿತು ಉಂಡಳು. ಉಂಡಮೇಲೆ ಕೇಳಿದಳು:

"ಅಣ್ಣಿಗೇರಿಗಿ ಬಸ್ಸು ಅದಾವೇನ್ರಿ?"

"ಹುಬ್ಬಳ್ಳಿಗಿ ಹೋಗಿ ಬ್ಯಾರೆ ಬಸ್ಸು ಹಿಡೀಬೇಕು. ಸಂಜಿಗಿ ಹೋಗೂಣು, ನಾನೂ ಬರ್ತೀನಿ."

"ಅವ್ವ ಬಾಗಲಾ ತಗೀಲಿಲ್ಲಂದ್ರ?"

"ಇಲ್ಲಿಗೇ ತಿರುಗಿ ಬರೂಣು. ನಾನೂ ಒಬ್ಬಾಕೀನ ಅದೀನಿ," ಎಂದೆ. ಆ ಮಾತನ್ನು ನಾನು ಅಷ್ಟು ಸ್ಪಷ್ಟವಾಗಿ ಯಾರಿಗೂ ಹೇಳಿರಲಿಲ್ಲ. ಅವಳು ತಲೆಯಾಡಿಸಿ ಹೊರಟಳು.

ಸಂಜೆ ಚೀಲ ಹಿಡಿದು ಬಸ್ಸು ನಿಲ್ಲುವಲ್ಲಿ ಕಾದೆ. ಸಿನಿಮಾದವರ ವ್ಯಾನು ಧೂಳೆಬ್ಬಿಸುತ್ತ ಬಂದು, ನಿಲ್ಲದೆ ಹಾಯ್ದುಹೋಯಿತು. ಕಿಟಕಿಯಲ್ಲಿ ಶಾಂತಾ ನನ್ನತ್ತ ಕೈ ಮುಗಿದಿದ್ದಳು. ಹುಬ್ಬಳ್ಳಿ ಬಸ್ಸೂ ಬಂದು ಹೋಯಿತು. ನಾನು ಖೋಲಿಗೆ ಮರಳಿದೆ. ಊರು ಒಮ್ಮೆಲೇ ಎಷ್ಟು ಸುಮ್ಮನಾಗಿತ್ತೆಂದರೆ, ಆ ಅರ್ಥಹೀನ ಹಾಡೇ ಬೇಕೆನಿಸಿತು.

ಮರುವರ್ಷ ಹುಬ್ಬಳ್ಳಿಯಲ್ಲಿ ಆ ಸಿನಿಮಾ ಬಂದಾಗ ಒಬ್ಬಳೇ ಹೋಗಿ ನೋಡಿದೆ. ಹಾಡು ಬಂತು, ಜನ ಸಿಳ್ಳೆ ಹಾಕಿದರು, ನಮ್ಮ ಕೆರೆ ಪರದೆಯ ಮೇಲೆ ಸಮುದ್ರದಂತೆ ಹೊಳೆಯಿತು. ಹಿಂದಿನ ಸಾಲಿನ ತುದಿಯಲ್ಲಿ ಶಾಂತಾ ನಗುತ್ತಿದ್ದಳು. ತಡೆಯಲಾಗದೆ ಬಾಜು ಕುಳಿತಿದ್ದ ಅಪರಿಚಿತ ಹೆಂಗಸಿಗೆ ಹೇಳಿದೆ:

"ಅಲ್ಲಿ ನೋಡ್ರಿ, ಕಡೀ ಹುಡುಗಿ. ಆಕಿ ನಮ್ಮಾಕಿ."

"ಯಾವಾಕಿ ರೀ?"

ಅಷ್ಟರಲ್ಲಿ ಕೆರೆ ಮಾಯವಾಗಿ ಹಿಮದ ಬೆಟ್ಟ ಬಂದಿತ್ತು.

"ಹೋದ್ಲರೀ," ಎಂದೆ.

ಆಕೆ ಕತ್ತಲಲ್ಲಿ ನನ್ನ ಮುಖವನ್ನೊಮ್ಮೆ ನೋಡಿ, ಮಡಿಲಲ್ಲಿದ್ದ ಶೇಂಗಾದ ಪೊಟ್ಟಣವನ್ನು ನನ್ನತ್ತ ಸರಿಸಿದಳು.