ಒಂದೇ ಆಂಟೆನಾಗೆ ಎರಡು ರೇಡಿಯೊ

ನಮ್ಮ ಭಾವ ಲಿಫ್ಟ್ ರಿಪೇರಿಯವರು. ಊಟಕ್ಕೆ ಕೂತರೂ ಅವರ ಮೊಣಕಾಲು ಅಲ್ಲಾಡುತ್ತಲೇ ಇರುತ್ತದೆ. ಮನೆಯಿಂದಲೇ ದೂರದ ದೇಶದವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೊದ ಹುಚ್ಚು ಹತ್ತಿಸಿಕೊಂಡು, ಅದನ್ನು ನಮ್ಮಕ್ಕನಿಗೂ ಅಂಟಿಸಿದರು. ಅವಳೂ ಪರೀಕ್ಷೆ ಪಾಸಾಗಿ ಲೈಸೆನ್ಸ್ ತೆಗೆದುಕೊಂಡಳು. ತಾಳ್ಮೆಯವಳು, ತೊಂಬತ್ತೊಂಬತ್ತು ದೇಶಗಳ ಜೊತೆ ಮಾತಾಡಿ ಮುಗಿಸಿದ್ದಳು. ಭಾವ ಇನ್ನೂ ಅರವತ್ತರಲ್ಲೇ ಇದ್ದರು. ಅವರಿಗೆ ಹೊಟ್ಟೆಕಿಚ್ಚು ಇತ್ತು, ಸುಳ್ಳು ಯಾಕೆ ಹೇಳಲಿ.

ತಾರಸಿಯ ಮೇಲೆ ಒಂದೇ ಆಂಟೆನಾಗೆ ಮನೆ ಓನರ್ ಒಪ್ಪಿದ್ದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಕೂರಬೇಕು. ಅದು ಭಾವನ ಕೈಲಿ ಆಗುವ ಕೆಲಸವೇ? ಎರಡು ರೇಡಿಯೊಗಳನ್ನೂ ಅದೇ ಆಂಟೆನಾಗೆ ಸೇರಿಸುವ ಪೆಟ್ಟಿಗೆ ಕಟ್ಟಲು ಶುರುಮಾಡಿದರು. ಇಬ್ಬರೂ ಬೇರೆ ಬೇರೆ ಬ್ಯಾಂಡಿನಲ್ಲಿ, ಅಂದರೆ ತರಂಗಪಟ್ಟಿಯಲ್ಲಿ, ಮಾತಾಡುವುದು; ಒಳಗೆ ಬ್ಯಾಂಡಿಗೊಂದು ಫಿಲ್ಟರ್: ತನ್ನ ಬ್ಯಾಂಡನ್ನು ಬಿಡಬೇಕು, ಇನ್ನೊಂದನ್ನು ತಡೆಯಬೇಕು. ಹೆಚ್ಚು ವೋಲ್ಟೇಜ್ ತಾಳುವ ಕೆಪಾಸಿಟರ್‌ಗಳು ಬರಲು ಇನ್ನೂ ವಾರವಿತ್ತು. ಕಾಯುವವರು ಯಾರು? ಡ್ರಾಯರಿನಲ್ಲಿದ್ದ ಚಿಕ್ಕವನ್ನೇ ಬೆಸುಗೆ ಹಾಕಿ, ಐದು ವ್ಯಾಟಿನಲ್ಲಿ ನೋಡಿ, ಮುಚ್ಚಳ ಬಿಗಿದುಬಿಟ್ಟರು.

“ಫುಲ್ ಪವರಲ್ಲಿ ನೋಡಿದ್ರಾ?” ಎಂದಳು ಅಕ್ಕ.

“ಹೂಂ ಕಣೇ, ಎಲ್ಲಾ ಸರಿ ಇದೆ.”

ಮರುದಿನ ಭಾನುವಾರ. ಜನವಸತಿಯಿಲ್ಲದ ದ್ವೀಪವೊಂದರಲ್ಲಿ ಹದಿನೈದು ದಿನದಿಂದ ರೇಡಿಯೊ ಹೂಡಿದ್ದ ತಂಡ ಅಂದು ಸಂಜೆ ಗಂಟುಮೂಟೆ ಕಟ್ಟುವುದಿತ್ತು. ರೇಡಿಯೊದವರ ಲೆಕ್ಕದಲ್ಲಿ ಅದೂ ಒಂದು ದೇಶ, ಅಕ್ಕನಿಗೆ ನೂರನೆಯದು. ಮಧ್ಯಾಹ್ನದಿಂದ ನಾಲ್ಕು ಗಂಟೆ ಕಾಲ ಅವಳು ಕರೆದೇ ಕರೆದಳು. ಪಕ್ಕದಲ್ಲಿ ಭಾವ ಎದ್ದರು, ಕೂತರು, ನೀರು ಕುಡಿದರು, ಕಿಟಕಿ ತೆರೆದರು, ಮುಚ್ಚಿದರು. ಅಲ್ಲೇ ಕೂತಿದ್ದ ನನಗೇ ತಲೆ ಚಿಟ್ಟು ಹಿಡಿಯಿತು. ಕೊನೆಗೆ ತಮ್ಮ ರೇಡಿಯೊದ ಮೈಕ್ ಕೈಗೆತ್ತಿಕೊಂಡರು.

ಅದೇ ಹೊತ್ತಿಗೆ ದ್ವೀಪದವನು ಅಕ್ಕನ ಕರೆಗುರುತನ್ನು, ಅಂದರೆ ಲೈಸೆನ್ಸಿನಲ್ಲಿ ಕೊಟ್ಟ ಹೆಸರನ್ನು, ಹೇಳಿದ; ಅವಳು ಮರುತ್ತರ ಕೊಟ್ಟರೆ ಲೆಕ್ಕಕ್ಕೆ ಸೇರಿತು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಭಾವ ಗುಂಡಿ ಒತ್ತಿದರು. ಪೆಟ್ಟಿಗೆಯೊಳಗೆ ಚಟ್ ಎಂದಿತು. ಭಾವನ ನೂರು ವ್ಯಾಟ್ ಫಿಲ್ಟರನ್ನು ಸುಟ್ಟು ಅಕ್ಕನ ರೇಡಿಯೊಗೆ ನುಗ್ಗಿತು. ಅದು ಕಿವುಡಾಯಿತು.

ಭಾವ ಪೆಟ್ಟಿಗೆ ಕಿತ್ತು, ಅಕ್ಕ ತಮ್ಮ ರೇಡಿಯೊದಲ್ಲಾದರೂ ಮಾತಾಡಲಿ ಎಂದು ಅದಕ್ಕೆ ನೇರವಾಗಿ ಆಂಟೆನಾ ಸಿಕ್ಕಿಸಲು ಒದ್ದಾಡಿದರು. ಅವಸರಕ್ಕೆ ಓರೆಯಾಗಿ ಕೂತ ಕನೆಕ್ಟರ್ ತಿರುಗಲೇ ಒಲ್ಲದು. ಅಂತೂ ಸಿಕ್ಕಿಸಿ ಟ್ಯೂನ್ ಮಾಡಿದಾಗ ದ್ವೀಪದವನು ಎಲ್ಲರಿಗೂ ವಂದನೆ ಹೇಳಿ ಮುಗಿಸುತ್ತಿದ್ದ. ಆಮೇಲೆ ಬರೀ ಗರಗರ.

ಅಕ್ಕ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

“ಅಷ್ಟು ಅರ್ಜೆಂಟಾಗಿ ಯಾರನ್ನ ಕರೀತಿದ್ರಿ?” ಎಂದಳು.

“ಯಾರನ್ನೂ ಇಲ್ಲ,” ಎಂದರು ಭಾವ. “ಬ್ಯಾಂಡ್ ಖಾಲಿ ಇತ್ತು. ಯಾರಾದ್ರೂ ಇದ್ದೀರಾ ಅಂತ ಕೇಳ್ದೆ, ಅಷ್ಟೆ.”

“ಪಕ್ಕದಲ್ಲೇ ನಾನಿದ್ನಲ್ಲ ರೀ,” ಎಂದಳು ಅಕ್ಕ.